ಹೇನಿನ ಜೇನು

ಬರ್ಲಿನ್ ನಗರದ ಬೀದಿಮರಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಲಿಂಡನ್. ಜೂನ್‌ನಲ್ಲಿ ಹೂಬಿಟ್ಟರೆ ಬೀದಿಯೆಲ್ಲ ಘಮಘಮ. ಅದರಡಿ ಕಾರು ನಿಲ್ಲಿಸಿದವರಿಗೆ ಮಾತ್ರ ಆ ಘಮ ಮೂಗಿಗೆ ಹತ್ತುವುದಿಲ್ಲ. ಆಲೂರು ಕಡೆಯ ಕಾಫಿ ತೋಟದ ಮನೆಯ ಹುಡುಗನೊಬ್ಬ ಸಾಲ ಮಾಡಿ ಕೊಂಡ ಕಾರು ಬೆಳಗಾಗುವುದರೊಳಗೆ ಪಾಕದಲ್ಲಿ ಅದ್ದಿದ ಜಾಮೂನಿನಂತೆ ಹೊಳೆಯುತ್ತಿತ್ತು. ಮೇಲಿನ ಮಹಡಿಯ ಮಕ್ಕಳು ಜ್ಯೂಸ್ ಚೆಲ್ಲಿದ್ದಾರೆಂದು ಅವನ ತೀರ್ಮಾನ. ಜಗಳಕ್ಕೆ ಬೇಕಾದ ಜರ್ಮನ್ ವಾಕ್ಯವನ್ನೂ ವ್ಯಾಕರಣ ತಿದ್ದಿ ಸಿದ್ಧಮಾಡಿಕೊಂಡಿದ್ದ.

ಊರಿಂದ ಬಂದಿದ್ದ ಅವನ ತಾಯಿ ಕೊಂಬೆ ಬಗ್ಗಿಸಿ, ಒಂದೆಲೆ ಮಗುಚಿ ನೋಡಿದರು.

“ಜ್ಯೂಸೂ ಅಲ್ಲ, ಪಾನಕನೂ ಅಲ್ಲ ಕಣ್ಲಾ. ಹೇನಿನ ಉಚ್ಚೆ!”

ಅಮ್ಮನ ಮಾತು ಶಾಸ್ತ್ರದಿಂದ ಬಹಳ ದೂರವೇನಿಲ್ಲ. ಗಿಡದ ರಸದಲ್ಲಿ ಸಕ್ಕರೆ ಧಾರಾಳ, ಮೈ ಬೆಳೆಸುವ ಸಾರಜನಕ ಅತ್ಯಲ್ಪ. ಆ ಅತ್ಯಲ್ಪಕ್ಕಾಗಿ ಸಸ್ಯಹೇನು ಹೊಟ್ಟೆ ಬಿರಿಯೆ ಹೀರಿ, ಹೆಚ್ಚಾದ ಸಕ್ಕರೆಯನ್ನು ಹಿಂದಿನಿಂದ ಹನಿಹನಿಯಾಗಿ ಬಿಡುತ್ತದೆ. ಸಕಲೇಶಪುರದ ತೋಟಗಳಲ್ಲಿ ಇದೇ ಕಸುಬು ಹಸಿರು ತಿಗಣೆಯದು. ಕಾಫಿ ಎಲೆಯೆಲ್ಲ ಅಂಟು, ಅಂಟಿನ ಮೇಲೆ ಕಪ್ಪು ಬೂಷ್ಟು, ಸಿಹಿಯ ಆಸೆಗೆ ತಿಗಣೆಗೇ ಕಾವಲು ನಿಂತ ಚಗಳಿ ಇರುವೆ. ಕೈ ಹಾಕಿದವರನ್ನು ಚಗಳಿ ಕಚ್ಚುತ್ತದೆ. ಮಲೆನಾಡಿನವರು ಅದನ್ನೇ ಚಟ್ನಿ ಅರೆದು ಸೇಡು ತೀರಿಸಿಕೊಳ್ಳುತ್ತಾರೆ. ಮುಂಗಾರು ಹಿಡಿದ ಮೇಲೆ ಬಿಳಿ ಶಿಲೀಂಧ್ರವೊಂದು ತಿಗಣೆಗೆ ಹತ್ತಿ ಎಷ್ಟೋ ಕೆಲಸ ತಾನೇ ಮುಗಿಸುತ್ತದೆ. ಬರ್ಲಿನ್ ಮಳೆಗೆ ಅಷ್ಟು ದಮ್ಮಿಲ್ಲ ಎಂದು ಅಮ್ಮನ ಷರಾ.

ಬಕೆಟ್ಟು, ಬಟ್ಟೆ ಹಿಡಿದು ಅವರು ಕೆಳಗಿಳಿದದ್ದೇ ಮಗ ಅಡ್ಡ ಬಂದ. ಬರ್ಲಿನ್‌ನಲ್ಲಿ ರಸ್ತೆಯಲ್ಲಿ ಕಾರು ತೊಳೆದರೆ ದಂಡ.

“ಕಾರು ನಮ್ದು, ನೀರು ನಮ್ದು, ಅವರದ್ದೇನ್ಲಾ ಗಂಟು?”

ಆ ಬಕೆಟ್ಟು ಬ್ಯಾಲ್ಕನಿಯಲ್ಲಿ ಹೇನು ಹತ್ತಿದ್ದ ಮೆಣಸಿನ ಗಿಡಕ್ಕೆ ತಿರುಗಿತು. ಸೋಪಿನ ನೀರು ಹೇನಿನ ಮೈಗೇ ತಗುಲಬೇಕು, ಅದಕ್ಕೆ ಎಲೆಯ ಅಡಿಗೆ ಹೊಡೆಯಬೇಕು. ಅದನ್ನು ಅಮ್ಮನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಲಿಂಡನ್ ಮರಕ್ಕೆ ಹೊಡೆಯುವವರಾರು? ಕಾರನ್ನೇ ಆಚೆ ನಿಲ್ಲಿಸಬೇಕು. ಆ ಊರಲ್ಲಿ ಹೆಣ್ಣು ಸಿಕ್ಕೀತು, ಪಾರ್ಕಿಂಗ್ ಸಿಗದು.

ಗುಲಗಂಜಿ ಹುಳುವಿನ ಮರಿಗಳು ಇಲ್ಲಿ ಅಂಚೆಯಲ್ಲಿ ಬರುತ್ತವೆಂದು ಸೊಸೆ ಫೋನ್ ತೋರಿಸಿದಳು. ಹುಳಕ್ಕೂ ದುಡ್ಡೇ ಎಂದು ಅಮ್ಮ ಹೌಹಾರಿದರು. ಹುಳು ತರಿಸುವುದು ಕಾಫಿಯವರಿಗೆ ಹೊಸದಲ್ಲ. 1898ರಲ್ಲೇ ಹಸಿರು ತಿಗಣೆ ತಿನ್ನಲೆಂದು ಆಸ್ಟ್ರೇಲಿಯಾದ ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳುವನ್ನು ಭಾರತಕ್ಕೆ ತಂದಿದ್ದರು. ಅದು ವಹಿಸಿದ ಕೆಲಸ ಬಿಟ್ಟು ಹಿಟ್ಟು ತಿಗಣೆಗೆ ಬಾಯಿ ಹಾಕಿ, ಅದರಲ್ಲೇ ಹೆಸರು ಮಾಡಿ, ಇಲ್ಲೇ ನೆಲೆನಿಂತಿತು. ಸಿವಿಲ್ ಓದಿ ಸಾಫ್ಟ್‌ವೇರ್ ಸೇರಿದ ಗಂಡನ ಕಡೆ ಸೊಸೆ ಒಮ್ಮೆ ನೋಡಿದಳು.

ಸುಮ್ಮನಿರಬೇಕಿದ್ದ ಮಗ ಆಗ ಬಾಯಿಬಿಟ್ಟ. ಜರ್ಮನಿಯ ಕಾಡುಜೇನೆಂದರೆ ಇದೇ ಅಂಟು. ಸ್ಪ್ರೂಸ್, ಫರ್ ಮರಗಳ ಹೇನು ಬಿಟ್ಟದ್ದನ್ನು ಜೇನುಹುಳು ಹೀರಿ ಮಾಡುವ ಕಪ್ಪು ಜೇನು, ಬೆಲೆಯೂ ಜಾಸ್ತಿ. “ಹೋದ ವರ್ಷ ಊರಿಗೆ ತಂದಿದ್ದೆನಲ್ಲಮ್ಮ, ಅದೇ ಬಾಟ್ಲಿ.”

ಅಮ್ಮನ ಕೈಯಿಂದ ಬಕೆಟ್ಟು ಜಾರಿತು. “ಅಯ್ಯೋ ಪಾಪಿ! ಸತ್ಯನಾರಾಯಣ ಪೂಜೆಲಿ ಅದನ್ನೇ ಪಂಚಾಮೃತಕ್ಕೆ ಹಾಕಿ ಊರಿಗೆಲ್ಲ ಹಂಚಿದ್ನಲ್ಲೋ!”