ಪಾಸ್ ಯಾಕೆ ಕೈಗೆ ಸಿಗಲಿಲ್ಲ: ಸೋತ ತಂಡದ ಅಭಿಮಾನಿಗೊಂದು ಬಳಕೆ ಕೈಪಿಡಿ

ಬಳಸುವ ಮುನ್ನ ಓದಿ

ಈ ಕೈಪಿಡಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಹಾಕ್‌ಐಸ್‌ನ ಅಭಿಮಾನಿಗಳಿಗಾಗಿ ತಯಾರಾದದ್ದು. ಅದರಲ್ಲೂ 2023ರ ಸೀಸನ್ ಪೂರ್ತಿ ನೋಡಿಯೂ ಟೀವಿ ಒಡೆಯದೆ ಉಳಿದವರಿಗಾಗಿ. ಬೇರೆ ತಂಡದವರು ಬಳಸಿದರೆ ತಯಾರಕರ ಆಕ್ಷೇಪವಿಲ್ಲ, ಹೊಣೆಯೂ ಇಲ್ಲ. ಮಗಳಿಗೆ ಅಯೋವಾ ಸಿಟಿಯಲ್ಲಿ ಸೀಟು ಸಿಕ್ಕಿತೆಂದು ಕಪ್ಪು-ಹಳದಿ ಟೀ ಶರ್ಟ್ ಕೊಂಡುಕೊಂಡ ಕನ್ನಡದ ಅಪ್ಪಂದಿರಿಗೂ ಇದು ಅನ್ವಯಿಸುತ್ತದೆ. ಅಂಥವರಿಗೆ ಆಟದ ಬಗ್ಗೆ ಎರಡೇ ಮಾತು. ನಾಲ್ಕು ಯತ್ನದೊಳಗೆ ಹತ್ತು ಗಜ ಮುಂದೆ ಹೋದರೆ ಚೆಂಡು ನಿಮ್ಮ ಹತ್ತಿರವೇ ಉಳಿಯುತ್ತದೆ. ಮುಂದೆ ಹೋಗಲು ಒಂದೋ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡಬೇಕು, ಇಲ್ಲವೇ ಕ್ವಾರ್ಟರ್‌ಬ್ಯಾಕ್ ಎಂಬ ಹುಡುಗ ಅದನ್ನು ಮುಂದಕ್ಕೆ ಎಸೆಯಬೇಕು. ಈ ಎಸೆತವೇ ಪಾಸ್.

ಎರಡೂ ಆಗದಿದ್ದರೆ ನಾಲ್ಕನೇ ಯತ್ನದಲ್ಲಿ ಚೆಂಡನ್ನು ಆಕಾಶಕ್ಕೆ ಒದ್ದು ಎದುರಾಳಿಯನ್ನು ದೂರಕ್ಕೆ ಅಟ್ಟುತ್ತಾರೆ. ಅದು ಪಂಟ್. 2023ರಲ್ಲಿ ಅಯೋವಾದ ಪಂಟರ್, ಆಸ್ಟ್ರೇಲಿಯಾದ ಟೋರಿ ಟೇಲರ್, ಹೀಗೆ ಒದ್ದೂ ಒದ್ದೂ 4,479 ಗಜ ಕಲೆಹಾಕಿ ಕಾಲೇಜು ಫುಟ್‌ಬಾಲ್‌ನಲ್ಲಿ ಒಂದು ಸೀಸನ್ನಿನ ದಾಖಲೆ ಮುರಿದ. ಪಂಟರ್ ದಾಖಲೆ ಮಾಡುತ್ತಾನೆಂದರೆ ಎಸೆಯುವವರು ಏನು ಮಾಡುತ್ತಿದ್ದಿರಬಹುದು? ಕೈಪಿಡಿ ಬೇಕಾದದ್ದು ಅದಕ್ಕೇ.

ಯಾವಾಗ ಬಳಸಬೇಕು

ಸೋತಾಗ ಮಾತ್ರ. ಗೆದ್ದ ದಿನ ತೆರೆದರೆ ವಾರಂಟಿ ರದ್ದು. ಆ ವರ್ಷ ಅಯೋವಾ ನಾರ್ತ್‌ವೆಸ್ಟರ್ನ್ ಮೇಲೆ 10-7, ನೆಬ್ರಾಸ್ಕಾ ಮೇಲೆ 13-10 ಎಂದು ಗೆದ್ದಿತು. ಆ ದಿನಗಳಲ್ಲಿ ಪಾಸ್‌ಗಳೇನೂ ಹೂವಿನ ಹಾಗೆ ಬಂದು ಅಂಗೈಯಲ್ಲಿ ಕೂತಿರಲಿಲ್ಲ. ಆದರೂ ಯಾರೂ ಚಕಾರವೆತ್ತಲಿಲ್ಲ. "ನಮ್ಮ ಡಿಫೆನ್ಸ್ ಇದೆಯಲ್ಲ ಬಿಡಿ" ಎಂದು ಎಲ್ಲರೂ ನಿದ್ದೆ ಹೋದರು. ಹತ್ತು ಪಂದ್ಯ ಹೀಗೇ ಕಳೆದವು.

ಸೋತವು ನಾಲ್ಕು. ಪೆನ್ ಸ್ಟೇಟ್ ಎದುರು 31-0, ಮಿನೆಸೋಟಾ ಎದುರು 12-10, ಬಿಗ್ ಟೆನ್ ಎಂಬ ತಮ್ಮ ಲೀಗಿನ ಫೈನಲ್‌ನಲ್ಲಿ ಮಿಷಿಗನ್ ಎದುರು 26-0, ಸಿಟ್ರಸ್ ಬೌಲ್‌ನಲ್ಲಿ ಟೆನೆಸಿ ಎದುರು 35-0. ನಾಲ್ಕೂ ಕೂಡಿಸಿದರೆ ಅಯೋವಾ ಹೊಡೆದದ್ದು 10 ಅಂಕ. ಲೆಕ್ಕ ತಪ್ಪಿರಬೇಕೆಂದು ಇನ್ನೊಮ್ಮೆ ಕೂಡಿಸಬೇಡಿ; ನಾವೂ ಕೂಡಿಸಿ ನೋಡಿದ್ದೇವೆ.

ಮೊದಲ ಹಂತ: ತಪ್ಪಿತಸ್ಥನನ್ನು ಹಿಡಿಯುವುದು

ಚೆಂಡು ಯಾರ ಕೈಯಿಂದ ಹೊರಟಿತೋ ಅವನೇ ತಪ್ಪಿತಸ್ಥ. ಇದಕ್ಕೆ ಪುರಾವೆ ಬೇಕಿಲ್ಲ, ಟೀವಿಯಲ್ಲಿ ಕಂಡಿದೆಯಲ್ಲ. ಟೀವಿ ಕ್ಯಾಮೆರಾ ಮೈದಾನದ ಪಕ್ಕದಲ್ಲಿ ಎತ್ತರಕ್ಕೆ ಕೂತು ಚೆಂಡಿನ ಬೆನ್ನು ಹತ್ತುತ್ತದೆ. ಆಟ ಶುರುವಾದ ಒಂದು ಸೆಕೆಂಡಿಗೆ ಪಾಸ್ ಹಿಡಿಯಬೇಕಾದ ರಿಸೀವರ್‌ಗಳು ಪರದೆಯಿಂದಾಚೆ ಓಡಿಹೋಗುತ್ತಾರೆ. ಅಲ್ಲಿ ಅವರು ಎತ್ತ ತಿರುಗಿದರು, ಯಾರು ಅವರ ಅಂಗಿ ಜಗ್ಗಿದರು, ಯಾರು ಖಾಲಿ ಜಾಗದಲ್ಲಿ ಕೈಯೆತ್ತಿ ನಿಂತಿದ್ದರು, ಒಂದೂ ನಮಗೆ ಕಾಣುವುದಿಲ್ಲ. ಎಸೆತ ಹಾರಿದ ಮೇಲೆ ಕ್ಯಾಮೆರಾ ಅತ್ತ ಹೊರಳುತ್ತದೆ, ಹುಲ್ಲಿನ ಮೇಲೆ ಚೆಂಡು ಪುಟಿಯುವುದು ಕಾಣುತ್ತದೆ. ಕಾಣದ ಮೂರು ಸೆಕೆಂಡನ್ನು ನಾವೇ ತುಂಬಿಕೊಳ್ಳಬೇಕು. ಈ ಕೈಪಿಡಿಯಲ್ಲಿರುವುದು ಆ ತುಂಬುವ ವಿಧಾನವೇ.

ಉದಾಹರಣೆಗೆ, ಮೂರನೇ ಯತ್ನ, ಇನ್ನೂ ಎಂಟು ಗಜ ಬೇಕು. ರಿಸೀವರ್‌ಗೆ ಕೊಟ್ಟ ಸೂಚನೆ ಹೀಗಿರುತ್ತದೆ: ಹತ್ತು ಗಜ ಓಡು; ಎದುರಾಳಿ ನಿನ್ನ ಮೈಗಂಟಿಕೊಂಡು ಬರುತ್ತಿದ್ದರೆ ಹೊರಗೆ ಮುರಿದುಕೋ, ಅವರು ತಂತಮ್ಮ ಜಾಗ ಕಾಯುತ್ತಿದ್ದರೆ ನಡುವೆ ನಿಂತು ತಿರುಗು. ಕ್ವಾರ್ಟರ್‌ಬ್ಯಾಕ್ ಕೂಡ ಅದೇ ಎದುರಾಳಿಯನ್ನು ಓದಿ, ಇವನು ಎತ್ತ ಹೋಗುತ್ತಾನೆಂದು ಊಹಿಸಿ, ಅವನು ತಿರುಗುವ ಮೊದಲೇ ಎಸೆಯಬೇಕು. ಇಬ್ಬರೂ ಒಂದೇ ರೀತಿ ಓದಿದರೆ ಚೆಂಡು ಎದೆಗೆ ಬಂದು ಸೇರುತ್ತದೆ. ಒಬ್ಬ ಹಾಗೆ, ಒಬ್ಬ ಹೀಗೆ ಓದಿದರೆ ಚೆಂಡು ಯಾರೂ ಇಲ್ಲದ ಬಯಲಿಗೆ ಬೀಳುತ್ತದೆ. ಅಯೋವಾದ ಕಿನಿಕ್ ಸ್ಟೇಡಿಯಮ್ಮಿನಲ್ಲಿ 69,000ಕ್ಕೂ ಹೆಚ್ಚು ಜನ ಕೂರಬಹುದು. ಅಷ್ಟೂ ಜನ ಆಗ ತಿರುಗಿ ನೋಡುವುದು ಕ್ವಾರ್ಟರ್‌ಬ್ಯಾಕ್ ಕಡೆ. ತಪ್ಪು ಓದಿದವನು ರಿಸೀವರ್ ಆಗಿದ್ದರೆ ಅವನೂ ಸೇರಿಕೊಂಡು ಇವನ ಕಡೆಯೇ ನೋಡುತ್ತಾನೆ. ಅದೂ ಒಂದು ಕಲೆ.

ಇನ್ನು ಲೈನ್‌ಮನ್‌ಗಳು. ತಲಾ 130 ಕಿಲೋ ಆಚೀಚೆ ತೂಗುವ ಐದು ಜನ ಕ್ವಾರ್ಟರ್‌ಬ್ಯಾಕ್‌ನ ಮುಂದೆ ಗೋಡೆ ಕಟ್ಟುತ್ತಾರೆ. ಆ ಗೋಡೆ ಎರಡೂವರೆ ಮೂರು ಸೆಕೆಂಡು ತಡೆದರೆ ಸಾಕು. ಒಂದೂವರೆ ಸೆಕೆಂಡಿಗೇ ಕುಸಿದರೆ ಹುಡುಗ ಹಿಂದಿನ ಕಾಲಿನ ಮೇಲೆ ವಾಲಿಕೊಂಡೇ ಎಸೆಯುತ್ತಾನೆ, ಚೆಂಡು ರಿಸೀವರ್‌ನ ತಲೆ ಮೇಲೆ ಹಾದುಹೋಗುತ್ತದೆ. ಸೋಮವಾರ ಬೆಳಿಗ್ಗೆ ನೀವು ಹೇಳಬೇಕಾದದ್ದು: "ಅವನ ಕಾಲಿನ ಚಲನೆಯೇ ಸರಿಯಿಲ್ಲ." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಈ ಕ್ರಮ ಅತ್ಯಂತ ಸುರಕ್ಷಿತ, ಲೈನ್‌ಮನ್ನಿನ ಹೆಸರು ನಿಮಗೆ ಗೊತ್ತಿಲ್ಲ ಎಂಬುದು ಹೊರಬೀಳುವುದಿಲ್ಲ. (ಅಯೋವಾದ ನಿಜವಾದ ಕಾಯಿಲೆ ಅಲ್ಲೇ, ಆ ಐವರ ನಡುವೆಯೇ ಇತ್ತು ಎಂಬುದು ನನ್ನ ಅಭಿಪ್ರಾಯ. ಕೈಪಿಡಿ ಬರೆಯುವವನಿಗೆ ಅಭಿಪ್ರಾಯ ಇರಕೂಡದು; ಮುಂದಕ್ಕೆ ಹೋಗೋಣ.)

ಎರಡನೇ ಹಂತ: ಅಂಕಿಅಂಶ ಹಾಕುವುದು

ಒಗ್ಗರಣೆಗೆ ಸ್ವಲ್ಪ ಅಂಕಿ ಬೇಕು. ಕಾಲೇಜು ಫುಟ್‌ಬಾಲ್‌ನಲ್ಲಿ ಪಾಸಿಂಗ್ ದಕ್ಷತೆಗೆ ಒಂದು ಸೂತ್ರವಿದೆ: ಪಾಸ್ ಗಜಗಳನ್ನು 8.4ರಿಂದ ಗುಣಿಸಿ, ಕೈಗೆ ಸಿಕ್ಕ ಪ್ರತಿ ಪಾಸ್‌ಗೆ 100, ಎದುರಾಳಿಯ ಗೆರೆ ದಾಟಿದ ಪ್ರತಿ ಪಾಸ್‌ಗೆ (ಟಚ್‌ಡೌನ್) 330 ಕೂಡಿಸಿ, ಎದುರಾಳಿ ಕಸಿದ ಪ್ರತಿ ಎಸೆತಕ್ಕೆ (ಇಂಟರ್‌ಸೆಪ್ಷನ್) 200 ಕಳೆದು, ಬಂದದ್ದನ್ನು ಒಟ್ಟು ಎಸೆತಗಳಿಂದ ಭಾಗಿಸಬೇಕು. 20 ಎಸೆತದಲ್ಲಿ 10 ಸಿಕ್ಕು, 100 ಗಜ, ಒಂದು ಟಚ್‌ಡೌನ್, ಒಂದು ಇಂಟರ್‌ಸೆಪ್ಷನ್ ಆದರೆ 98.5 ಬರುತ್ತದೆ. ನೂರಕ್ಕೆ 98 ಎಂದುಕೊಂಡು ಅಭಿನಂದಿಸಲು ಹೋಗಬೇಡಿ. ಈ ಪಟ್ಟಿಯಲ್ಲಿ ಅದು ತಳದವರ ಸಾಲು.

ಒಂದು ಗುಟ್ಟು ಹೇಳುತ್ತೇನೆ. ಕ್ವಾರ್ಟರ್‌ಬ್ಯಾಕ್ ಎಸೆಯುವ ಮೊದಲೇ ನೆಲಕ್ಕೆ ಬಿದ್ದರೆ ಅದು ಸ್ಯಾಕ್. ವೃತ್ತಿಪರ ಎನ್‌ಎಫ್‌ಎಲ್‌ನಲ್ಲಿ ಆ ನಷ್ಟವನ್ನು ತಂಡದ ಪಾಸಿಂಗ್ ಲೆಕ್ಕದಿಂದ ಕಳೆಯುತ್ತಾರೆ, ಕಾಲೇಜಿನಲ್ಲಿ ಓಟದ ಲೆಕ್ಕದಿಂದ. ಅಂದರೆ ಪಾಸ್ ಕೆಟ್ಟಾಗ ಅದರ ಗಾಯ ಕಾಣುವುದು ಓಟದ ಅಂಕಣದಲ್ಲಿ. ಮಿನೆಸೋಟಾ ಪಂದ್ಯದ ಚೀಟಿ ತೆಗೆದು ನೋಡಿ: ಪಾಸ್‌ನಲ್ಲಿ 116 ಗಜ, ಓಟದಲ್ಲಿ 11. ಎರಡೂ ಸೇರಿ 127. ಆ ಹನ್ನೊಂದನ್ನು ಕಂಡು "ಓಡೋಕೂ ಬರಲ್ಲ ಇವರಿಗೆ" ಎಂದು ಬೈದವರು ಪಾಸ್‌ನ ಪಾಪವನ್ನೂ ಓಟಗಾರರ ತಲೆಗೇ ಕಟ್ಟಿದರು.

ಮೈದಾನದ ಅಳತೆಯನ್ನೂ ಒಮ್ಮೆ ಬಳಸಿ, ಪಕ್ಕದವರು ಸುಮ್ಮನಾಗುತ್ತಾರೆ. ಮೈದಾನದ ಅಗಲ 160 ಅಡಿ. ಪ್ರತಿ ಆಟ ಶುರುವಾಗುವುದು ನಡುವಿನ ಎರಡು ಗೆರೆಗಳ ಒಳಗೆ. ಕಾಲೇಜಿನಲ್ಲಿ ಆ ಗೆರೆಗಳ ನಡುವಿನ ಅಂತರ 40 ಅಡಿ, ಎನ್‌ಎಫ್‌ಎಲ್‌ನಲ್ಲಿ ಹದಿನೆಂಟೂವರೆ. ಹಾಗಾಗಿ ಕಾಲೇಜು ಹುಡುಗ ಎಡಗೆರೆಯಲ್ಲಿ ನಿಂತರೆ ಬಲ ಅಂಚು ಅವನಿಂದ 100 ಅಡಿ ದೂರ. ಅಲ್ಲಿಗೆ ಎಸೆದ ಚೆಂಡು ಗಾಳಿಯಲ್ಲಿ ಇರುವಷ್ಟು ಹೊತ್ತಿನಲ್ಲಿ ಎದುರಾಳಿ ಓಡಿಬಂದು ಅಡ್ಡ ಕೈಹಾಕಬಹುದು. ಇದಕ್ಕೆ ನವೆಂಬರಿನ ಅಯೋವಾ ಗಾಳಿಯನ್ನೂ ಸೇರಿಸಿಕೊಳ್ಳಿ. ಗಾಳಿಯನ್ನು ದೂರಿದರೆ ಅದು ತಿರುಗಿ ಮಾತಾಡುವುದಿಲ್ಲ.

ಮೂರನೇ ಹಂತ: ಅಪ್ಪ-ಮಗ

ಹುಡುಗನನ್ನು ಬೈದು ಬೈದು ಬೇಸರ ಬಂದ ಮೇಲೆ ಆಟದ ಯೋಜನೆ ಹಾಕುವ ಅಫೆನ್ಸಿವ್ ಕೋಆರ್ಡಿನೇಟರ್ ಕಡೆ ತಿರುಗಬೇಕು. ಬೇರೆ ಊರಿನ ಅಭಿಮಾನಿಗಳಿಗೆ ಇಲ್ಲದ ಸೌಲಭ್ಯ ಅಯೋವಾದವರಿಗಿತ್ತು. ಮುಖ್ಯ ಕೋಚ್ ಕರ್ಕ್ ಫೆರೆಂಟ್ಸ್, 1999ರಿಂದ ಅಲ್ಲೇ ಇದ್ದವರು. 2017ರಿಂದ ಕೋಆರ್ಡಿನೇಟರ್ ಬ್ರಯನ್ ಫೆರೆಂಟ್ಸ್, ಅವರ ಮಗ. ಸ್ವಜನ ಪಕ್ಷಪಾತ ತಡೆಯುವ ನಿಯಮ ಇದ್ದುದರಿಂದ ಕಾಗದದ ಮೇಲೆ ಮಗ ಅಪ್ಪನಿಗೆ ಉತ್ತರಿಸಬೇಕಿರಲಿಲ್ಲ, ಅಥ್ಲೆಟಿಕ್ ಡೈರೆಕ್ಟರ್‌ಗೆ ಉತ್ತರಿಸಬೇಕಿತ್ತು. ಮೂರನೇ ಯತ್ನಕ್ಕೆ ಎಂಟು ಗಜ ಬೇಕಿದ್ದಾಗ ಐದು ಗಜದ ಪಾಸ್ ಯಾಕೆ ಎಂದು ಮನೆಯಲ್ಲಿ ಊಟದ ಹೊತ್ತಿಗೆ ಅಪ್ಪ ಕೇಳುತ್ತಿದ್ದರೋ ಇಲ್ಲವೋ, ನಿಯಮದಲ್ಲಿ ಅದರ ಉಲ್ಲೇಖವಿಲ್ಲ.

2023ರ ಆರಂಭದಲ್ಲಿ ಮಗನ ಒಪ್ಪಂದಕ್ಕೆ ಹೊಸ ಷರತ್ತು ಬಂತು: ಏಳು ಗೆಲುವು, ಪಂದ್ಯಕ್ಕೆ ಸರಾಸರಿ 25 ಅಂಕ. 13 ಪಂದ್ಯಕ್ಕೆ 325. ಡಿಫೆನ್ಸ್ ಹೊಡೆದ ಟಚ್‌ಡೌನ್ ಕೂಡ ಇವರ ಖಾತೆಗೇ ಜಮಾ. ಆಮೇಲೆ ಅಭಿಮಾನಿಗಳಿಗೆ ಪಂದ್ಯ ನೋಡುವುದೆಂದರೆ ಕ್ಯಾಲ್ಕುಲೇಟರ್ ಹಿಡಿದು ಕೂರುವುದು ಎಂದಾಯಿತು. ಗೆದ್ದ ದಿನವೂ "ಈ ವಾರ ಹದಿನೈದು ಬಾಕಿ ಉಳೀತು" ಎಂದು ಸಾಲದ ಪುಸ್ತಕ ತೆರೆಯುವ ಅಭ್ಯಾಸ ಶುರುವಾಯಿತು. ಅಂತಿಮ ಲೆಕ್ಕ 14 ಪಂದ್ಯಕ್ಕೆ 216. ಅಷ್ಟು ದಿನ ಕಾಯಲೂ ಇಲ್ಲ. ಅಕ್ಟೋಬರ್ 30ಕ್ಕೇ, ಮುಂದಿನ ವರ್ಷ ಅವರು ಇರುವುದಿಲ್ಲ ಎಂದು ಹಂಗಾಮಿ ಅಥ್ಲೆಟಿಕ್ ಡೈರೆಕ್ಟರ್ ಪ್ರಕಟಿಸಿಬಿಟ್ಟರು. ಒಂದು ಮಾತು ಹೇಳಲೇಬೇಕು: ಆಟದ ಯೋಜನೆ ಮಂಕಾಗಿತ್ತು, ನಿಜ. ಆದರೆ ಮಿಷಿಗನ್‌ನಿಂದ ಕರೆತಂದ ಕ್ವಾರ್ಟರ್‌ಬ್ಯಾಕ್ ಕೇಡ್ ಮ್ಯಾಕ್‌ನಮಾರಾ ಆ ಸೆಪ್ಟೆಂಬರ್‌ನಲ್ಲೇ ಮೊಣಕಾಲಿಗೆ ಗಾಯ ಮಾಡಿಕೊಂಡು ಉಳಿದ ಸೀಸನ್ ಪೂರ್ತಿ ಹೊರಗುಳಿದಿದ್ದ. ಪಾಸ್ ಹಿಡಿಯುವುದರಲ್ಲಿ ಪಳಗಿದ ಇಬ್ಬರು ಟೈಟ್ ಎಂಡ್‌ಗಳೂ ಒಬ್ಬರ ಹಿಂದೊಬ್ಬರು ಗಾಯಗೊಂಡು ಕೂತರು. 25ರ ಷರತ್ತಿನಲ್ಲಿ ಮೊಣಕಾಲಿಗೆ ರಿಯಾಯಿತಿ ಇರಲಿಲ್ಲ.

ನಾಲ್ಕನೇ ಹಂತ: ಬೆಂಚಿನ ಮೇಲಿರುವವನು

ಆಡುತ್ತಿರುವವನು ಸರಿಯಿಲ್ಲದಿದ್ದರೆ ಕೂತಿರುವವನು ಸರಿ. ದೂರದ ಬೆಟ್ಟ ನುಣ್ಣಗೆ. ಮ್ಯಾಕ್‌ನಮಾರಾ ಪೆನ್ ಸ್ಟೇಟ್ ಎದುರು 14 ಎಸೆತದಲ್ಲಿ ಐದನ್ನಷ್ಟೇ ತಲುಪಿಸಿ 42 ಗಜ ಗಳಿಸಿದಾಗ, ಬೆಂಚಿನಲ್ಲಿದ್ದ ಡೀಕನ್ ಹಿಲ್ ಪರ ದನಿ ಎದ್ದಿತು. ಮುಂದಿನ ವಾರವೇ ಅವನಿಗೆ ಆಡುವ ಸರದಿ ಬಂತು. ಆಮೇಲೆ ಸೀಸನ್ ಮುಗಿಯುವವರೆಗೂ ಅವನ ಹಿಂದೆ ಬೆಂಚಿನಲ್ಲಿ ಕೂತಿದ್ದವರ ಪರ ದನಿ ಏಳುತ್ತಲೇ ಇತ್ತು. ಹುಡುಗನ ಎಸೆತಗಳಲ್ಲಿ ಅರ್ಧದಷ್ಟೂ ಗುರಿ ಸೇರಲಿಲ್ಲ. ಅಷ್ಟಾದರೂ ಅವನು ಆಡಿದ ತಂಡ ಬಿಗ್ ಟೆನ್‌ನ ಪಶ್ಚಿಮ ವಿಭಾಗ ಗೆದ್ದಿತು. ಇದನ್ನು ಯಾವ ಅಂಕಣದಲ್ಲಿ ಬರೆಯಬೇಕೆಂದು ಕೈಪಿಡಿಗೂ ತಿಳಿಯದು.

ದೋಷ ನಿವಾರಣೆ

ತೊಂದರೆ: ರೆಫರಿ ಅಡ್ಡ ಬಂದಿದ್ದಾರೆ. ಮಿನೆಸೋಟಾ ಪಂದ್ಯದ ಕೊನೆಯ ಎರಡು ನಿಮಿಷದೊಳಗೆ ಅಯೋವಾದ ಕೂಪರ್ ಡಿಜೀನ್ ಎದುರಾಳಿಯ ಪಂಟ್ ಎತ್ತಿಕೊಂಡು 54 ಗಜ ಓಡಿ ಟಚ್‌ಡೌನ್ ಮಾಡಿದ. ಓಡುವ ಮೊದಲು ಎಡಗೈ ಬೀಸಿದ್ದ. ಅದು ಚೆಂಡನ್ನು ಓಡದೆ ಹಿಡಿಯುವ ಸನ್ನೆಗೆ ಸಮ ಎಂದು ರೀಪ್ಲೇ ನೋಡಿದವರು ಅಂಕ ಕಿತ್ತುಕೊಂಡರು. ಕಂಚಿನ ಹಂದಿಯ ಟ್ರೋಫಿ, ಫ್ಲಾಯ್ಡ್ ಆಫ್ ರೋಸ್‌ಡೇಲ್, ಮಿನೆಸೋಟಾದವರ ಪಾಲಾಯಿತು. ಪರಿಹಾರ: ಆ ವಾರ ಪಾಸ್ ವಿಶ್ಲೇಷಣೆ ಮಾಡಬೇಡಿ. 127 ಗಜದ ಮಾತು ಯಾರಾದರೂ ಎತ್ತಿದರೆ ಎಡಗೈ ಬೀಸಿ ತೋರಿಸಿ.

ತೊಂದರೆ: "ಮುಂಚೆ ಹೀಗಿರಲಿಲ್ಲ" ಎನ್ನುವ ಹಿರಿಯರು. ಪರಿಹಾರ: ಮುಂದಕ್ಕೆ ಎಸೆಯುವ ಪಾಸ್‌ಗೆ ಕಾನೂನಿನ ಮಾನ್ಯತೆ ಸಿಕ್ಕಿದ್ದು 1906ರಲ್ಲಿ. ಆ ಸೆಪ್ಟೆಂಬರ್‌ನಲ್ಲಿ ವಿಸ್ಕಾನ್ಸಿನ್‌ನ ವಾಕೆಶಾದಲ್ಲಿ ಸೇಂಟ್ ಲೂಯಿಸ್ ಯೂನಿವರ್ಸಿಟಿಯ ಬ್ರಾಡ್‌ಬರಿ ರಾಬಿನ್ಸನ್ ಮೊದಲ ಎಸೆತ ಎಸೆದ. ಯಾರ ಕೈಗೂ ಸಿಗಲಿಲ್ಲ, ಅಂದಿನ ನಿಯಮದಂತೆ ಚೆಂಡು ಎದುರಾಳಿಗೆ ಹೋಯಿತು. ಆಮೇಲಿನ ಎಸೆತ ಟಚ್‌ಡೌನ್ ಆಯಿತೆಂಬುದನ್ನು ಹಿರಿಯರಿಗೆ ಹೇಳಬೇಡಿ.

ತೊಂದರೆ: ಯಾರೋ ಒಬ್ಬ ಇಡೀ ಮೈದಾನ ಕಾಣುವ, ಇಪ್ಪತ್ತೆರಡೂ ಜನರ ವಿಡಿಯೊ ತಂದಿದ್ದಾನೆ. ಇದು ಗಂಭೀರ. ಅದರಲ್ಲಿ ರಿಸೀವರ್ ಜಾರಿ ಬಿದ್ದದ್ದು, ಲೈನ್‌ಮನ್ ತಪ್ಪು ಮನುಷ್ಯನನ್ನು ತಡೆದದ್ದು, ಎದುರಾಳಿ ನಿಜಕ್ಕೂ ಚೆನ್ನಾಗಿ ಆಡಿದ್ದು, ಎಲ್ಲ ಕಾಣುತ್ತದೆ. ಪೆನ್ ಸ್ಟೇಟ್ ಎದುರು ಅಯೋವಾ 76 ಗಜಕ್ಕೆ ನಿಂತದ್ದರಲ್ಲಿ ಪೆನ್ ಸ್ಟೇಟ್‌ನವರ ಪಾಲೂ ಇತ್ತು ಎಂದು ಒಪ್ಪಿಕೊಳ್ಳಬೇಕಾದೀತು. ಪರಿಹಾರ: ಕಾಫಿಗೆ ಏಳಿ.

ವಾರಂಟಿ ಮತ್ತು ಹೊಸ ಆವೃತ್ತಿ

2024ಕ್ಕೆ ಕೋಆರ್ಡಿನೇಟರ್ ಆಗಿ ಟಿಮ್ ಲೆಸ್ಟರ್ ಬಂದರು, ಮೊದಲ ಪಂದ್ಯವೇ 40-0. ಈ ಕೈಪಿಡಿಯನ್ನು ರದ್ದಿಗೆ ಹಾಕಿದವರು ಒಂದು ವಾರ ತಡೆದುಕೊಳ್ಳಬಹುದಿತ್ತು. ಎರಡನೇ ಶನಿವಾರ ಅಯೋವಾ ಸ್ಟೇಟ್ ಎದುರು 20-19ಕ್ಕೆ ಸೋತು ಎಲ್ಲರೂ ಮತ್ತೆ ಪ್ರತಿ ಕೇಳಿಕೊಂಡು ಬಂದರು. ಹಳೆಯ ಪ್ರತಿ ಇದ್ದವರು ಮೂರನೇ ಹಂತದಲ್ಲಿ ಹೆಸರು ಹೊಡೆದು ಹಾಕಿ ಹೊಸದು ಬರೆದುಕೊಂಡರೆ ಸಾಕು. ಮೊದಲ ಹಂತದಲ್ಲಿ ಏನೂ ತಿದ್ದಬೇಕಿಲ್ಲ.