ಅಳುವುದಕ್ಕೊಂದು ಮುಹೂರ್ತ

ಅರುವತ್ತರ ದಶಕದಲ್ಲಿ ಸ್ಕಿಝೋಫ್ರೇನಿಯಾ ವಾಸಿಯಾಗಲು ಸುಲಭದ ದಾರಿಯೊಂದಿತ್ತು: ನ್ಯೂಯಾರ್ಕಿನಲ್ಲಿ ವಿಮಾನ ಹತ್ತಿ ಲಂಡನ್ನಿನಲ್ಲಿ ಇಳಿಯುವುದು. ಅದೇ ರೋಗಿಗೆ ಅಲ್ಲಿನ ವೈದ್ಯರು ಉನ್ಮಾದ-ಖಿನ್ನತೆ ಎಂದು ಬರೆದುಕೊಡುವ ಸಂಭವವೇ ಹೆಚ್ಚು. ತಮಾಷೆಯಲ್ಲ. ಒಬ್ಬನೇ ರೋಗಿಯ ವಿಡಿಯೊವನ್ನು ಎರಡೂ ದೇಶದ ಮನೋವೈದ್ಯರಿಗೆ ತೋರಿಸಿದ ಅಧ್ಯಯನವೊಂದು 1971ರಲ್ಲಿ ಪ್ರಕಟವಾಯಿತು. ಅಮೆರಿಕದ ಬಹುಪಾಲು ಮಂದಿಗೆ ಕಂಡ ಸ್ಕಿಝೋಫ್ರೇನಿಯಾ ಬ್ರಿಟಿಷರಲ್ಲಿ ಹೆಚ್ಚುಕಡಿಮೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಈ ಮುಜುಗರ ತಪ್ಪಿಸಲೆಂದೇ ರಾಬರ್ಟ್ ಸ್ಪಿಟ್ಜರ್ 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ ಅನ್ನು ಹೊಸದಾಗಿ ಕಟ್ಟಿದರು. ಇನ್ನು ಊಹೆ ಇಲ್ಲ, ಲಕ್ಷಣಗಳ ಪಟ್ಟಿ ಮಾತ್ರ. ಈಗಿನ ಲೆಕ್ಕದಲ್ಲಿ ಒಂಬತ್ತರಲ್ಲಿ ಐದಕ್ಕೆ ಟಿಕ್ ಬಿದ್ದರೆ ಖಿನ್ನತೆ. ಇಬ್ಬರು ರೋಗಿಗಳಲ್ಲಿ ಒಂದೇ ಒಂದು ಲಕ್ಷಣ ಸಮಾನವಾಗಿದ್ದರೂ ಇಬ್ಬರದೂ ಒಂದೇ ಕಾಯಿಲೆ. (ನಾಲ್ಕಕ್ಕೇ ನಿಂತವರು ಇನ್ನೊಂದನ್ನು ಹೊಂದಿಸಿಕೊಂಡು ಬರುವುದು.)

2013ರ ಐದನೇ ಆವೃತ್ತಿಗೆ ಮುನ್ನ ಈ ಪಟ್ಟಿಗಳಿಗೇ ಪರೀಕ್ಷೆ ಇಟ್ಟರು. ಒಬ್ಬ ರೋಗಿ, ಬೇರೆ ಬೇರೆಯಾಗಿ ಮಾತಾಡಿಸುವ ಇಬ್ಬರು ವೈದ್ಯರು, ಅವರ ಒಮ್ಮತಕ್ಕೆ ಕಪ್ಪಾ ಎಂಬ ಅಂಕ. ಪೂರ್ತಿ ಒಪ್ಪಿದರೆ 1, ಕಣ್ಣುಮುಚ್ಚಿ ಹೇಳಿದಷ್ಟೇ ಹೊಂದಿಕೆಯಾದರೆ 0. ಆಘಾತೋತ್ತರ ಒತ್ತಡದ ಕಾಯಿಲೆ 0.67 ತೆಗೆದು ಮಾನ ಉಳಿಸಿತು. ಸ್ಕಿಝೋಫ್ರೇನಿಯಾಕ್ಕೆ 0.46. ವೈದ್ಯರು ದಿನಬೆಳಗಾದರೆ ಚೀಟಿಯಲ್ಲಿ ಬರೆಯುವ ಖಿನ್ನತೆಗೆ? 0.28. ಆದರೂ ಯಾರೂ ಗಾಬರಿಯಾಗಬೇಕಿರಲಿಲ್ಲ. 0.2ರಿಂದ 0.4ರೊಳಗೆ ಬಂದರೂ ಸಮ್ಮತವೇ ಎಂದು ಪರೀಕ್ಷೆ ನಡೆಸಿದವರು ಫಲಿತಾಂಶ ಪ್ರಕಟವಾಗುವ ಮೊದಲೇ ಬರೆದಿಟ್ಟಿದ್ದರು. ನಮ್ಮ ಎಸ್‌ಎಸ್‌ಎಲ್‌ಸಿ ಮಕ್ಕಳಿಗೂ ಇಷ್ಟು ಧಾರಾಳಿ ಪರೀಕ್ಷಕರು ಸಿಕ್ಕಿಲ್ಲ.

ಅದೇ ಆವೃತ್ತಿ ಇನ್ನೊಂದು ಘನಕಾರ್ಯ ಮಾಡಿತು. ಅಲ್ಲಿಯವರೆಗೆ, ಹತ್ತಿರದವರು ಸತ್ತ ಎರಡು ತಿಂಗಳವರೆಗಿನ ದುಃಖವನ್ನು ಸಾಮಾನ್ಯವಾಗಿ ಖಿನ್ನತೆಯ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಆ ವಿನಾಯಿತಿ ರದ್ದಾಯಿತು. ಲಕ್ಷಣಗಳು ಎರಡು ವಾರ ಇದ್ದರೆ ಸಾಕು. ಅಂದರೆ ವೈಕುಂಠ ಸಮಾರಾಧನೆಯ ವಡೆ ಅರಗುವಷ್ಟರಲ್ಲಿ ಊಟ, ನಿದ್ದೆ, ಉತ್ಸಾಹ ಎಲ್ಲ ತಹಬಂದಿಗೆ ಬಂದಿರಬೇಕು. 2022ರಲ್ಲಿ ಮತ್ತೊಂದು ಹೆಸರು ಸೇರಿತು: ದೀರ್ಘಶೋಕದ ಕಾಯಿಲೆ. ಸಾವಾಗಿ ವರ್ಷ ಕಳೆದರೂ ದಿನವೂ ಕೊರಗುತ್ತಿದ್ದರೆ ಅದು. ವರ್ಷಾಂತಿಕದ ಪಿಂಡವನ್ನು ಕಾಗೆ ಮುಟ್ಟಿ ಹೋಗಿದೆ, ಅಮ್ಮ ಇನ್ನೂ ಅಪ್ಪನ ಕನ್ನಡಕ ಒರೆಸುತ್ತ ಕೂತಿದ್ದಾಳೆ, ಪಟ್ಟಿ ತೆಗೆಯಿರಿ. ನಮ್ಮ ಪುರೋಹಿತರು ಪಂಚಾಂಗವನ್ನಾದರೂ ನೋಡಿ ದಿನ ಹೇಳುತ್ತಾರೆ.

ಹಾಗಾದರೆ ಯಾವುದು ದುಃಖ, ಯಾವುದು ಕಾಯಿಲೆ? ಕೈಪಿಡಿಯಲ್ಲಿ ಅದಕ್ಕೂ ಅಡಿಟಿಪ್ಪಣಿ ಇದೆ: ವೈದ್ಯರು ತಮ್ಮ ವಿವೇಚನೆ ಬಳಸತಕ್ಕದ್ದು. ಪರೀಕ್ಷೆಯಲ್ಲಿ 0.28 ತೆಗೆದದ್ದು ಆ ವಿವೇಚನೆಯೇ.