ಸಮುದ್ರಕ್ಕ ಹೊಂಟೇವಿ

ಹಾನಗಲ್ಲಿನಿಂದ ಗೋಕರ್ಣಕ್ಕೆ ಹೋಗುವುದು ದೊಡ್ಡ ಮಾತಲ್ಲ. ಶಿರಸಿ, ದೇವಿಮನೆ ಘಟ್ಟ, ಕುಮಟಾ, ಮುಗೀತು. ಫಜೀತಿ ಶುರುವಾಗುವುದು ಬಳಗವನ್ನು ಕರೆದಾಗ. ಶಿಗ್ಗಾವಿ ಮಾವ ಹೆದ್ದಾರಿ ಬದಿಯವರು. ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ರಸ್ತೆ ಬಿಟ್ಟರೆ ಉಳಿದದ್ದೆಲ್ಲ ಅವರಿಗೆ ಕಾಲುದಾರಿ. ಹಿರೇಕೆರೂರಿನ ಚಿಗವ್ವ ಸಾಗರದ ಮೇಲೆ ಹಾಯ್ದು ಜೋಗ ನೋಡಿಯೇ ಘಟ್ಟ ಇಳಿಯುವವಳು. “ನಿಂತ ನೀರ ನೋಡಾಕ ಅಷ್ಟ ದೂರ ಹೊಂಟೀವಿ, ಬೀಳೂ ನೀರ ನೋಡಿದ್ರ ಏನಾತು?”

ಸವಣೂರಿನ ದೊಡ್ಡಪ್ಪ ಇನ್ನೂ ಒಂದು ಕೈ ಮೇಲು. ಅವರೂರಿನ ಕಲ್ಮಠದಲ್ಲಿ ದೊಡ್ಡಹುಣಸೆ ಮರಗಳಿವೆ. ಹೆಸರಿಗೆ ಹುಣಸೆ, ಮೂಲ ಆಫ್ರಿಕಾ. ನಾಲ್ಕೈದು ಮಂದಿ ಕೈ ಹಿಡಿದು ನಿಂತರೂ ಬುಡ ತಬ್ಬಲಾಗದು. “ಗಿಡಾನ ಸಮುದ್ರ ದಾಟಿ ನಮ್ಮೂರಿಗೆ ಬಂದೈತಿ, ನಾವ್ಯಾಕ ಹೋಗೂದು?” ಎಂದು ಎಲೆಯಡಿಕೆ ಚೀಲ ಬಿಚ್ಚಿದರು. ಮೊದಲು ಗಾಡಿ ಹತ್ತಿ ಮುಂದಿನ ಸೀಟು ಹಿಡಿಯುವವರೂ ಅವರೇ, ಅದು ಬೇರೆ ಮಾತು.

ಬುತ್ತಿಯಲ್ಲಿ ಮಾತ್ರ ತಕರಾರಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಕಟ್ಟಿದ ಮೊಸರು. ಗಂಟಿನ ಗಾತ್ರ ನೋಡಿದರೆ ಗೋಕರ್ಣವಲ್ಲ, ಕಾಶಿ ಮುಟ್ಟಿ ಬರಬಹುದು.

ಓಂ ಬೀಚಿನಲ್ಲಿ ಪರದೇಶದವರು ಬಿಸಿಲು ಕಾಯಿಸಿಕೊಳ್ಳಲೆಂದೇ ಮಲಗಿರುತ್ತಾರೆ ಎಂದೆ. ದೊಡ್ಡಪ್ಪ ಸುಣ್ಣ ಸವರುತ್ತ ಅಂದರು: “ಏಪ್ರಿಲ್‌ನ್ಯಾಗ ಸವಣೂರಿಗೆ ಕಳಸು. ಪುಕ್ಕಟೆ ಕೊಡೂಣು.”